ಸ್ಕೂಟರ್ ಬ್ಯಾಟರಿ ಡೌನ್ ಆದಾಗ: ವಾಟ್ಸಾಪ್ ಸಲಹೆಗಳಲ್ಲಿ ಯಾವುದು ಸರಿ, ಯಾವುದು ಅಪಾಯ?

ಹತ್ತು ದಿನ ಊರಿಗೆ ಹೋಗಿ ಬಂದಿದ್ದೀರಿ. ಬೆಳಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿಗೆ ಸ್ಕೂಟರ್‌ನ ಬಟನ್ ಒತ್ತಿದರೆ ಬರೀ ‘ಟಿಕ್ ಟಿಕ್’ ಸದ್ದು, ಅಥವಾ ಅದೂ ಇಲ್ಲ. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ ಐದು ನಿಮಿಷದಲ್ಲಿ ಆರು ಸಲಹೆ ಬರುತ್ತವೆ. ತಳ್ಳಿ ಸ್ಟಾರ್ಟ್ ಮಾಡಿ, ಕಾರಿನ ಬ್ಯಾಟರಿಗೆ ವೈರ್ ಹಚ್ಚಿ, ಇನ್ವರ್ಟರ್‌ಗೆ ಜೋಡಿಸಿ, ಬ್ಯಾಟರಿಯೊಳಗೆ ಮಾತ್ರೆ ಹಾಕಿ, ದಿನಾ ಐದು ನಿಮಿಷ ಗ್ಯಾರೇಜಿನಲ್ಲೇ ಎಂಜಿನ್ ಓಡಿಸಿಡಿ ಇತ್ಯಾದಿ. ಇವುಗಳಲ್ಲಿ ಕೆಲವು ಒಂದು ಕಾಲಕ್ಕೆ ನಿಜವಾಗಿದ್ದವು. ಕೆಲವು ಹಣ ದಂಡ. ಒಂದೆರಡು ಮಾತ್ರ ಜೀವಕ್ಕೇ ಅಪಾಯ ತರುವಂಥವು. ಮುಂದಕ್ಕೆ ಕಳಿಸುವ ಮೊದಲು ಒಂದೊಂದನ್ನೂ ನೋಡೋಣ.

ಬ್ಯಾಟರಿಯೇ ಕಾರಣ ಅಂತ ಖಾತ್ರಿಯೇ?

ಎಷ್ಟೋ ಸಲ ಬ್ಯಾಟರಿ ಸರಿಯಾಗಿಯೇ ಇರುತ್ತದೆ. ಬ್ರೇಕ್ ಹಿಡಿಯದೆ ಬಟನ್ ಒತ್ತಿದರೆ ಹೆಚ್ಚಿನ ಸ್ಕೂಟರ್‌ಗಳು ಸ್ಟಾರ್ಟ್ ಆಗುವುದಿಲ್ಲ. ಬ್ರೇಕ್ ಲಿವರ್‌ನ ಒಳಗಿರುವ ಪುಟ್ಟ ಸ್ವಿಚ್ ಕೆಟ್ಟರೂ ಇದೇ ಕಥೆ. ಹೊಸ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡ್ ಕೆಳಗಿದ್ದರೆ ಎಂಜಿನ್ ಹತ್ತುವುದಿಲ್ಲ. ಎಂಜಿನ್ ಆಫ್ ಮಾಡುವ ಕೆಂಪು ಸ್ವಿಚ್ ಇದ್ದರೆ ಅದನ್ನು ಯಾರೋ ಮಕ್ಕಳು ಒತ್ತಿಟ್ಟಿರಬಹುದು. ಮೊದಲು ಇವನ್ನು ನೋಡಿ.

ಆಮೇಲೆ ಕೀ ಆನ್ ಮಾಡಿ ಹಾರ್ನ್ ಒತ್ತಿ. ಹಾರ್ನ್ ಗಟ್ಟಿಯಾಗಿ ಕೂಗಿ, ಇಂಡಿಕೇಟರ್ ಸರಿಯಾದ ವೇಗದಲ್ಲಿ ಮಿನುಗಿ, ಆದರೂ ಸ್ಟಾರ್ಟರ್ ತಿರುಗದಿದ್ದರೆ ತೊಂದರೆ ಬೇರೆ ಕಡೆ ಇರುವ ಸಾಧ್ಯತೆ ಹೆಚ್ಚು. ಹಾರ್ನ್ ಗಂಟಲು ಕಟ್ಟಿದವರಂತೆ ನರಳಿದರೆ, ಬಟನ್ ಒತ್ತಿದಾಗ ಮೀಟರ್‌ನ ದೀಪ ಮಂಕಾದರೆ, ಬ್ಯಾಟರಿ ಇಳಿದಿದೆ. ಯಾವ ದೀಪವೂ ಹತ್ತದೆ ಪೂರ್ತಿ ಸತ್ತಂತಿದ್ದರೆ ಫ್ಯೂಸ್ ಹೋಗಿರಬಹುದು, ಅಥವಾ ಟರ್ಮಿನಲ್ ಸಡಿಲವಾಗಿ ಬಿಳಿ, ಹಸಿರು ಪುಡಿ ಕಟ್ಟಿರಬಹುದು. ಕೆಲವು ರೂಪಾಯಿಯ ಫ್ಯೂಸ್ ಹೋಗಿದ್ದಕ್ಕೆ ಹೊಸ ಬ್ಯಾಟರಿ ಕೊಂಡವರೂ ಇದ್ದಾರೆ.

ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಊಹೆ ಬೇಕಿಲ್ಲ. ಗಾಡಿ ಕೆಲವು ಗಂಟೆ ನಿಂತ ಮೇಲೆ ಅಳೆದಾಗ 12.6 ವೋಲ್ಟ್ ಅಥವಾ ಹೆಚ್ಚು ತೋರಿಸಿದರೆ ಬ್ಯಾಟರಿ ತುಂಬಿದೆ. 12.4ರ ಹತ್ತಿರ ಇದ್ದರೆ ಮುಕ್ಕಾಲು ಪಾಲು ಇದೆ. 12ಕ್ಕೆ ಇಳಿದರೆ ಹೆಚ್ಚೂ ಕಡಿಮೆ ಖಾಲಿ. ಎಂಜಿನ್ ಓಡುತ್ತಿರುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಅಳೆದರೆ 13.5ರಿಂದ 14.5ರ ನಡುವೆ ಬರಬೇಕು. ಬರದಿದ್ದರೆ ಬ್ಯಾಟರಿಯ ತಪ್ಪಲ್ಲ, ಅದಕ್ಕೆ ಚಾರ್ಜ್ ಕೊಡುವ ವ್ಯವಸ್ಥೆಯಲ್ಲೇ ದೋಷವಿದೆ. ಹೊಸ ಬ್ಯಾಟರಿ ಹಾಕಿದರೂ ಅದು ಬೇಗನೆ ಮತ್ತೆ ಮಲಗುತ್ತದೆ.

ಸ್ಕ್ರೂಡ್ರೈವರ್‌ನಿಂದ ಎರಡೂ ಟರ್ಮಿನಲ್ ಮುಟ್ಟಿಸಿ ‘ಕಿಡಿ ಬಂದರೆ ಬ್ಯಾಟರಿ ಚೆನ್ನಾಗಿದೆ’ ಎಂದು ನೋಡುವ ಒಂದು ಪದ್ಧತಿಯಿದೆ. ದಯವಿಟ್ಟು ಮಾಡಬೇಡಿ. ಬ್ಯಾಟರಿಯಿಂದ, ಅದರಲ್ಲೂ ಚಾರ್ಜ್ ಆಗುವಾಗ, ಜಲಜನಕ ಅನಿಲ ಹೊರಬರಬಹುದು. ಅದಕ್ಕೆ ಒಂದು ಕಿಡಿ ಸಾಕು. ಸಿಡಿದರೆ ಒಳಗಿರುವ ಗಂಧಕಾಮ್ಲ ಮುಖಕ್ಕೇ ಹಾರುತ್ತದೆ.

ಈ ಪುಟ್ಟ ಡಬ್ಬಿಯಲ್ಲಿ ಎಷ್ಟು ಶಕ್ತಿ ಇದೆ?

ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ. ಇಂದಿಗೂ ಬಹುತೇಕ ಪೆಟ್ರೋಲ್ ಸ್ಕೂಟರ್‌ಗಳಲ್ಲಿ ಇರುವುದು ಅದರದ್ದೇ ಸುಧಾರಿತ ರೂಪ. ಒಳಗೆ ಆರು ಸೆಲ್, ಒಂದೊಂದರಲ್ಲೂ ಸುಮಾರು 2.1 ವೋಲ್ಟ್. ವಿದ್ಯುತ್ ಖರ್ಚಾದಂತೆಲ್ಲ ಎರಡೂ ಬಗೆಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಚಾರ್ಜ್ ಮಾಡಿದಾಗ ಅದು ಮತ್ತೆ ಕರಗಿ ಮೊದಲಿನ ಸ್ಥಿತಿಗೆ ಬರುತ್ತದೆ. ಆದರೆ ಖಾಲಿಯಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಆ ಸಲ್ಫೇಟ್ ಗಟ್ಟಿ ಹರಳಾಗಿ ಕೂತುಬಿಡುತ್ತದೆ, ಆಮೇಲೆ ಚಾರ್ಜ್ ಮಾಡಿದರೂ ಕರಗುವುದಿಲ್ಲ. ಬ್ಯಾಟರಿ ಸಾಯುವುದು ಎಂದರೆ ಹೆಚ್ಚಿನ ಸಲ ಇದೇ. ಹಾಗಾಗಿ ‘ಇಳಿದಿದೆ, ಮುಂದಿನ ತಿಂಗಳು ನೋಡೋಣ’ ಎನ್ನುವುದೇ ದುಬಾರಿ ತಪ್ಪು.

ಕಾರಿನ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್-ಅವರ್ ಅಥವಾ ಅದಕ್ಕೂ ಹೆಚ್ಚು. ಮನೆಯ ಇನ್ವರ್ಟರ್‌ನದ್ದು 150ರ ಆಸುಪಾಸು. ಸ್ಕೂಟರ್‌ನದ್ದು ಬರೀ 3ರಿಂದ 5. ಮುಂದಿನ ಎಲ್ಲ ಲೆಕ್ಕವೂ ಈ ಚಿಕ್ಕ ಸಂಖ್ಯೆಯ ಮೇಲೆ ನಿಂತಿದೆ.

“ತಳ್ಳಿ ಸ್ಟಾರ್ಟ್ ಮಾಡಿ”

ಇದು ಅಪ್ಪನ ಕಾಲದ ಸಲಹೆ, ಆ ಕಾಲಕ್ಕೆ ನಿಜವೇ ಆಗಿತ್ತು. ಹಳೆಯ ಬಜಾಜ್ ಚೇತಕ್‌ಗೆ ಗೇರ್ ಇತ್ತು. ಎರಡನೇ ಗೇರಿಗೆ ಹಾಕಿ, ತಳ್ಳಿ, ಕ್ಲಚ್ ಬಿಟ್ಟರೆ ಚಕ್ರವೇ ಎಂಜಿನ್ ತಿರುಗಿಸುತ್ತಿತ್ತು. ಬೈಕ್‌ಗಳಲ್ಲಿ ಈಗಲೂ ಇದು ನಡೆಯುತ್ತದೆ.

ಇಂದಿನ ಗೇರ್ ಇಲ್ಲದ ಸ್ಕೂಟರ್‌ಗಳಲ್ಲಿ ಎಂಜಿನ್‌ಗೂ ಹಿಂದಿನ ಚಕ್ರಕ್ಕೂ ನಡುವೆ ಬೆಲ್ಟ್ ಮತ್ತು ಸೆಂಟ್ರಿಫ್ಯೂಗಲ್ ಕ್ಲಚ್ ಇರುತ್ತದೆ. ಎಂಜಿನ್ ಜೋರಾಗಿ ತಿರುಗಿದಾಗ ಮಾತ್ರ ಆ ಕ್ಲಚ್‌ನ ಶೂಗಳು ಹೊರಕ್ಕೆ ಚಾಚಿಕೊಂಡು ಚಕ್ರವನ್ನು ಹಿಡಿಯುತ್ತವೆ. ಎಂಜಿನ್ ನಿಂತಿದ್ದರೆ ಹಿಡಿತವೇ ಇಲ್ಲ. ನೀವು ಇಳಿಜಾರಿನಲ್ಲಿ ಎಷ್ಟು ದೂರ ತಳ್ಳಿದರೂ ಚಕ್ರ ತಿರುಗುತ್ತದೆ, ಎಂಜಿನ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ಬೆವರು ಮಾತ್ರ ಲಾಭ.

“ಕಿಕ್ ಹೊಡೆದರೆ ಆಯ್ತಲ್ಲ?”

ಕಿಕ್ ಇದ್ದರೆ ಮೊದಲು ಅದನ್ನೇ ಪ್ರಯತ್ನಿಸಿ, ತಪ್ಪಿಲ್ಲ. ಆದರೆ ಫಲಿತಾಂಶ ಗಾಡಿಯ ವಯಸ್ಸಿನ ಮೇಲೆ ನಿಂತಿದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಸ್ಕೂಟರ್‌ಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಕಾರ್ಬುರೇಟರ್ ಗಾಡಿಗಳಲ್ಲಿ ಹಲವು, ಬ್ಯಾಟರಿ ಪೂರ್ತಿ ಸತ್ತಿದ್ದರೂ ಕಿಕ್‌ಗೆ ಹತ್ತುತ್ತವೆ. ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲ್ ಪಂಪ್, ಇಂಜೆಕ್ಟರ್, ಅವನ್ನು ನಡೆಸುವ ಪುಟ್ಟ ಕಂಪ್ಯೂಟರ್ ಎಲ್ಲಕ್ಕೂ ಕರೆಂಟ್ ಬೇಕು. ಸೆಲ್ಫ್ ತಿರುಗಿಸುವಷ್ಟು ಇಲ್ಲದಿದ್ದರೂ ಇವುಗಳಿಗೆ ಸಾಲುವಷ್ಟು ಉಳಿದಿದ್ದರೆ ಕಿಕ್ ಕೆಲಸ ಮಾಡುತ್ತದೆ. ಅದೂ ಇಲ್ಲದಿದ್ದರೆ ಕೆಲವು ಮಾದರಿಗಳಲ್ಲಿ ಎಷ್ಟು ಒದ್ದರೂ ಅಷ್ಟೇ. ಈಚಿನ ಕೆಲವು ಮಾದರಿಗಳಿಗೆ ಕಿಕ್ಕೇ ಇಲ್ಲ.

ಕಿಕ್ ಹೊಡೆಯುವಾಗ ಹೆಡ್‌ಲೈಟ್ ಸ್ವಿಚ್ ಇದ್ದರೆ ಆಫ್ ಇರಲಿ, ಮೊಬೈಲ್ ಚಾರ್ಜರ್ ಕಿತ್ತಿಡಿ. ಕೀ ಆನ್ ಮಾಡಿ ಎರಡು ಮೂರು ಸೆಕೆಂಡ್ ತಡೆದು ಒದೆಯಿರಿ, ಪಂಪ್ ಪೆಟ್ರೋಲ್ ಒತ್ತಡ ಏರಿಸಿಕೊಳ್ಳಲಿ. ಬಟನ್ ಅನ್ನಂತೂ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಬೇಡಿ. ಐದು ಸೆಕೆಂಡ್ ಸಾಕು, ಆಮೇಲೆ ಸ್ವಲ್ಪ ಬಿಡುವು. ಇಲ್ಲದಿದ್ದರೆ ಉಳಿದ ಚೂರೂ ಹೋಗುತ್ತದೆ, ಸ್ಟಾರ್ಟರ್ ಮೋಟರ್ ಕೂಡ ಕಾಯುತ್ತದೆ.

ಇನ್ನೊಂದು ತಪ್ಪು ನಂಬಿಕೆ: ‘ಕಿಕ್‌ಗೆ ಹತ್ತುತ್ತದಲ್ಲ, ಬ್ಯಾಟರಿ ಕಿತ್ತಿಟ್ಟೇ ಓಡಿಸೋಣ’. ಬ್ಯಾಟರಿ ಬರೀ ಕರೆಂಟ್ ಕೊಡುವುದಿಲ್ಲ, ವೋಲ್ಟೇಜಿನ ಏರಿಳಿತವನ್ನು ನುಂಗಿಕೊಳ್ಳುವ ಕೆಲಸವನ್ನೂ ಮಾಡುತ್ತದೆ. ಅದಿಲ್ಲದೆ ಓಡಿಸಿದರೆ ಬಲ್ಬ್‌ಗಳು ಹೋಗಬಹುದು. ಹೊಸ ಗಾಡಿಯಲ್ಲಿ ಆ ಕಂಪ್ಯೂಟರೇ ಹೋದರೆ ಬ್ಯಾಟರಿಯ ಹಲವು ಪಟ್ಟು ಖರ್ಚು.

“ದಿನಾ ಐದು ನಿಮಿಷ ಎಂಜಿನ್ ಓಡಿಸಿಡಿ”

ಹೆಚ್ಚು ಹರಿದಾಡುವ ಸಲಹೆ ಇದು. ನಮ್ಮ ದೃಷ್ಟಿಯಲ್ಲಿ ಹೆಚ್ಚು ಹಾನಿ ಮಾಡಬಲ್ಲದ್ದೂ ಇದೇ.

ಮೊದಲು ಲೆಕ್ಕ. ಸೆಲ್ಫ್ ಒತ್ತಿದಾಗ ಎರಡು ಸೆಕೆಂಡ್ 50 ಆಂಪ್ ಹರಿಯಿತು ಎಂದಿಟ್ಟುಕೊಳ್ಳಿ. ಕೇಳಲು ದೊಡ್ಡದು, ಆದರೆ ಒಟ್ಟು ಖರ್ಚು ಸುಮಾರು 0.03 ಆಂಪಿಯರ್-ಅವರ್ ಮಾತ್ರ, ಅಂದರೆ 4 ಆಂಪಿಯರ್-ಅವರ್ ಬ್ಯಾಟರಿಯ ನೂರರಲ್ಲಿ ಒಂದು ಪಾಲೂ ಅಲ್ಲ. ಕೆಲವೇ ನಿಮಿಷ ರಸ್ತೆಯಲ್ಲಿ ಓಡಿಸಿದರೆ ಅದು ವಾಪಸ್ ಬರುತ್ತದೆ. ಬ್ಯಾಟರಿ ಚೆನ್ನಾಗಿದ್ದರೆ ಇಷ್ಟೇ ವ್ಯವಹಾರ.

ಪೂರ್ತಿ ಇಳಿದ ಬ್ಯಾಟರಿಯ ಕಥೆ ಬೇರೆ. ಅದಕ್ಕೆ 4 ಆಂಪಿಯರ್-ಅವರ್ ಬೇಕು. ಓಡುವಾಗ ಬ್ಯಾಟರಿಗೆ ಸರಾಸರಿ 1 ಆಂಪ್ ಸಿಕ್ಕರೂ ನಾಲ್ಕು ಗಂಟೆಗಿಂತ ಹೆಚ್ಚು ಓಡಬೇಕು. ನಿಂತಲ್ಲೇ ಐಡಲಿಂಗ್‌ನಲ್ಲಿ ಎಂಜಿನ್ ನಿಧಾನವಾಗಿ ತಿರುಗುವುದರಿಂದ ಚಾರ್ಜ್ ಇನ್ನೂ ಕಡಿಮೆ, ಅದರಲ್ಲೂ ಒಂದು ಪಾಲು ಹೆಡ್‌ಲೈಟ್‌ಗೆ ಹೋಗುತ್ತದೆ. ಐದು ನಿಮಿಷದಲ್ಲಿ ಬ್ಯಾಟರಿಗೆ ಸಿಗುವುದು ಬಾಯಿ ಒದ್ದೆಯಾಗುವಷ್ಟು. ಜೊತೆಗೆ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ, ಸೈಲೆನ್ಸರ್‌ನಲ್ಲಿ ನೀರು ನಿಲ್ಲುತ್ತದೆ.

ಈಗ ಅಪಾಯದ ವಿಷಯ. ಪೆಟ್ರೋಲ್ ಎಂಜಿನ್‌ನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ತಣ್ಣಗಿರುವ ಎಂಜಿನ್ ಆಗತಾನೇ ಶುರುವಾದಾಗ ಇನ್ನೂ ಹೆಚ್ಚು, ಏಕೆಂದರೆ ಹೊಗೆ ಶುದ್ಧ ಮಾಡುವ ಭಾಗ ಬಿಸಿಯಾಗದೆ ಕೆಲಸ ಮಾಡುವುದಿಲ್ಲ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಷಟರ್ ಎಳೆದ ಗ್ಯಾರೇಜು, ಮನೆಯ ನಡುಮನೆಗೇ ಹತ್ತಿಸಿಟ್ಟ ಸ್ಕೂಟರ್, ಗಾಳಿಯಾಡದ ನೆಲಮಾಳಿಗೆ ಪಾರ್ಕಿಂಗ್, ಇಲ್ಲೆಲ್ಲ ಐದು ನಿಮಿಷ ಎಂದು ಶುರು ಮಾಡಿ ಫೋನ್ ಬಂದು ಹದಿನೈದು ನಿಮಿಷವಾದರೆ ಏನಾಗಬಹುದು ಯೋಚಿಸಿ. ಪಕ್ಕದ ಕೋಣೆಯಲ್ಲಿ ಮಗು ಮಲಗಿದ್ದರೆ ಅದಕ್ಕೆ ಗೊತ್ತೂ ಆಗುವುದಿಲ್ಲ.

ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಮೊದಲ ಲಕ್ಷಣಗಳು. ಪಿತ್ತವೆಂದೋ ಬಿಸಿಲೆಂದೋ ತಳ್ಳಿಹಾಕಬೇಡಿ. ಎಲ್ಲರನ್ನೂ ತಕ್ಷಣ ಬಯಲಿಗೆ ಕರೆತನ್ನಿ, 108ಕ್ಕೆ ಕರೆ ಮಾಡಿ, ಎಂಜಿನ್ ಓಡುತ್ತಿತ್ತು ಎಂಬುದನ್ನು ಆಸ್ಪತ್ರೆಯಲ್ಲಿ ಹೇಳಿ. ಒಳಗೆ ಬಿದ್ದವರನ್ನು ಎಳೆದು ತರಲು ಹೋಗುವವರು ಮೊದಲು ಬಾಗಿಲು, ಷಟರ್ ಪೂರ್ತಿ ತೆಗೆಯಬೇಕು.

ಎಂಜಿನ್ ಹತ್ತಿಸುವುದಾದರೆ ಗಾಡಿಯನ್ನು ಹೊರಗೆ ತನ್ನಿ, ಅರ್ಧ ಗಂಟೆ ರಸ್ತೆಯಲ್ಲಿ ಸುತ್ತಿ ಬನ್ನಿ. ವಾರಕ್ಕೆ ಒಂದು ಸಲ ಹಾಗೆ ಮಾಡಿದರೆ, ದಿನಾ ನಿಂತಲ್ಲೇ ಗುರುಗುಟ್ಟಿಸುವುದಕ್ಕಿಂತ ಎಷ್ಟೋ ಮೇಲು.

ಕಾರಿನ ಬ್ಯಾಟರಿಯಿಂದ ಸ್ಟಾರ್ಟ್ ಮಾಡಬಹುದೇ?

‘ಕಾರಿನ ಬ್ಯಾಟರಿ ದೊಡ್ಡದು, ಸ್ಕೂಟರ್ ಸುಟ್ಟುಹೋಗುತ್ತದೆ’ ಎಂಬ ಮಾತು ಪೂರ್ತಿ ಸರಿಯಲ್ಲ. ಎರಡೂ 12 ವೋಲ್ಟ್. ಸ್ಟಾರ್ಟರ್ ಮೋಟರ್ ತನಗೆ ಬೇಕಾದಷ್ಟೇ ಕರೆಂಟ್ ಎಳೆಯುತ್ತದೆ. ದೊಡ್ಡ ಟ್ಯಾಂಕಿಗೆ ಜೋಡಿಸಿದ ಮಾತ್ರಕ್ಕೆ ಚಿಕ್ಕ ನಲ್ಲಿಯಲ್ಲಿ ಹೆಚ್ಚು ನೀರು ಬರುವುದಿಲ್ಲ, ಒತ್ತಡ ಒಂದೇ ಆಗಿದ್ದರೆ.

ಆದರೆ ಕೆಡುವ ದಾರಿಗಳು ಇವೆ. ಕೆಂಪು, ಕಪ್ಪು ಅದಲುಬದಲಾದರೆ ಗಾಡಿಯ ಎಲೆಕ್ಟ್ರಾನಿಕ್ಸ್ ಕ್ಷಣದಲ್ಲಿ ಹೋಗಬಹುದು. ಕಾರಿನ ಎಂಜಿನ್ ಓಡುತ್ತಿದ್ದರೆ ಇಳಿದ ಪುಟ್ಟ ಬ್ಯಾಟರಿಗೆ ಅದು ತಾಳಲಾರದಷ್ಟು ಕರೆಂಟ್ ನುಗ್ಗಬಹುದು. ಹಾಗಾಗಿ ಕಾರು ಆಫ್ ಇರಬೇಕು, ಸ್ಕೂಟರ್ ಕೀ ಆಫ್ ಇರಬೇಕು. ಮೊದಲು ಪಾಸಿಟಿವ್‌ಗೆ ಪಾಸಿಟಿವ್. ಆಮೇಲೆ ಕಾರಿನ ನೆಗೆಟಿವ್‌ನಿಂದ ಸ್ಕೂಟರ್‌ನ ಎಂಜಿನ್ ಅಥವಾ ಚಾಸಿಯ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರ. ಸ್ಟಾರ್ಟ್ ಆದ ಕೂಡಲೇ ಹಿಂದಿನ ಕ್ರಮಕ್ಕೆ ತಿರುಗುಮುರುಗಾಗಿ ಬಿಚ್ಚಬೇಕು. ಗಾಡಿಯ ಜೊತೆ ಬಂದ ಪುಸ್ತಕ ಜಂಪ್ ಸ್ಟಾರ್ಟ್ ಬೇಡ ಎಂದಿದ್ದರೆ ಈ ಪ್ಯಾರಾವನ್ನು ಮರೆತುಬಿಡಿ. ಬ್ಯಾಟರಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಸೋರುತ್ತಿದ್ದರೆ ಯಾವ ಕಾರಣಕ್ಕೂ ಬೇಡ.

ಇನ್ವರ್ಟರ್ ಬ್ಯಾಟರಿಯೂ ಹೆಚ್ಚಿನ ಮನೆಗಳಲ್ಲಿ 12 ವೋಲ್ಟಿನದ್ದೇ. ಆದರೆ ಅದನ್ನು ನಾವು ಶಿಫಾರಸು ಮಾಡುವುದಿಲ್ಲ. 150 ಆಂಪಿಯರ್-ಅವರ್ ಬ್ಯಾಟರಿಯ ಎರಡು ತುದಿಗೆ ಬಳೆಯೋ ಉಂಗುರವೋ ವಾಚಿನ ಚೈನೋ ತಾಗಿದರೆ ನೂರಾರು ಆಂಪ್ ಹರಿದು ಲೋಹ ಕೆಂಪಗೆ ಕಾಯುತ್ತದೆ. ಇನ್ನು ‘ರಾತ್ರಿಯಿಡೀ ಇನ್ವರ್ಟರ್‌ಗೆ ಸ್ಕೂಟರ್ ಬ್ಯಾಟರಿ ಜೋಡಿಸಿಟ್ಟರೆ ಫುಲ್ ಚಾರ್ಜ್’ ಎನ್ನುವುದಂತೂ ಬೇಡವೇ ಬೇಡ. ಇನ್ವರ್ಟರ್ ಚಾರ್ಜರ್ ಹತ್ತು ಆಂಪ್ ಅಥವಾ ಹೆಚ್ಚು ಕೊಡಬಲ್ಲದು. ಸ್ಕೂಟರ್ ಬ್ಯಾಟರಿಗೆ ಹಿತವಾದದ್ದು ಅದರ ಸಾಮರ್ಥ್ಯದ ಹತ್ತನೇ ಒಂದು ಪಾಲು, ಅಂದರೆ ಸುಮಾರು 0.4 ಆಂಪ್.

ಮಾತ್ರೆ, ಉಪ್ಪು, ಸಿಮೆಂಟ್ ನೆಲ

ಆಸ್ಪಿರಿನ್ ಮಾತ್ರೆ ಹಾಕಿದರೆ ಸತ್ತ ಬ್ಯಾಟರಿ ಬದುಕುತ್ತದೆ ಎಂಬುದು ಬಹಳ ಹಳೆಯ ಉಪಾಯ. ಆಮ್ಲದಲ್ಲಿ ಆಸ್ಪಿರಿನ್ ಒಡೆದು ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನಲ್ಲಿರುವ ಆಮ್ಲ ಆಗುತ್ತದೆ. ಅದು ಫಲಕಗಳನ್ನು ತಿನ್ನುತ್ತದೆ. ಎಪ್ಸಮ್ ಉಪ್ಪು ಹಾಕಿದರೂ ಕಳೆದುಹೋದ ಸಾಮರ್ಥ್ಯ ಮರಳುವುದಿಲ್ಲ. ಹೇಗೂ ಈಗಿನ ಸ್ಕೂಟರ್ ಬ್ಯಾಟರಿಗಳಲ್ಲಿ ಹೆಚ್ಚಿನವು ಮುಚ್ಚಿದವು, ನೀರು ಹಾಕುವ ಮಾದರಿಯಲ್ಲ. ಮೇಲಿನ ಮುಚ್ಚಳ ಮೀಟಿ ತೆಗೆಯುವ ವಿಡಿಯೊ ನೋಡಿ ಪ್ರಯತ್ನಿಸಬೇಡಿ. ಆಮ್ಲ ಕಣ್ಣಿಗೋ ಚರ್ಮಕ್ಕೋ ತಾಗಿದರೆ ಕನಿಷ್ಠ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಕಣ್ಣಾದರೆ ತೊಳೆದ ಮೇಲೆ ನೇರ ಆಸ್ಪತ್ರೆಗೆ.

ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಭೂಮಿಗೆ ಇಳಿದುಹೋಗುತ್ತದೆ ಎಂದೂ ಹೇಳುತ್ತಾರೆ. ಹಿಂದೆ ಬ್ಯಾಟರಿ ಡಬ್ಬಿಗಳನ್ನು ಮರ, ಗಟ್ಟಿ ರಬ್ಬರ್‌ನಿಂದ ಮಾಡುತ್ತಿದ್ದ ಕಾಲದಲ್ಲಿ ತೇವದ ನೆಲದಿಂದ ಸೋರಿಕೆ ಆಗುತ್ತಿದ್ದದ್ದುಂಟು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಅದು ಅನ್ವಯಿಸುವುದಿಲ್ಲ.

ಹಾಗಾದರೆ ನಿಂತಲ್ಲೇ ಇಳಿಯುವುದೇಕೆ?

ಯಾವುದಕ್ಕೂ ಜೋಡಿಸದಿದ್ದರೂ ಈ ಬ್ಯಾಟರಿ ತಿಂಗಳಿಗೆ ನೂರಕ್ಕೆ ಮೂರರಿಂದ ಐದರಷ್ಟು ತಾನಾಗಿ ಇಳಿಯುತ್ತದೆ, ಅದು 25 ಡಿಗ್ರಿಯಲ್ಲಿ. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಆ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಆದ್ದರಿಂದ ಕಲಬುರಗಿ, ರಾಯಚೂರಿನ ಬೇಸಿಗೆಯ ಬಿಸಿಲಲ್ಲಿ ನಿಂತ ಗಾಡಿಯ ಬ್ಯಾಟರಿ ಬೇಗ ಸವೆಯುತ್ತದೆ. ಮಡಿಕೇರಿಯ ಚಳಿಯಲ್ಲಿ ಬೆಳಗ್ಗೆ ಸ್ಟಾರ್ಟ್ ಆಗಲು ತಕರಾರು ಕಾಣುತ್ತದೆ ನಿಜ, ಆದರೆ ಒಳಗಿನ ಹಾನಿ ಮಾಡುವುದು ಹೆಚ್ಚಾಗಿ ಸೆಕೆ.

ಹತ್ತು ದಿನದಲ್ಲೇ ಖಾಲಿಯಾದರೆ ಮಾತ್ರ ಕಳ್ಳ ಬೇರೆ ಇದ್ದಾನೆ. ಹೊರಗಿನಿಂದ ಹಾಕಿಸಿದ ಜಿಪಿಎಸ್ ಅಥವಾ ಅಲಾರ್ಮ್ ಸದಾ 20 ಮಿಲಿಆಂಪ್ ಎಳೆಯುತ್ತಿದೆ ಎಂದುಕೊಳ್ಳಿ. ದಿನಕ್ಕೆ 0.48 ಆಂಪಿಯರ್-ಅವರ್ ಆಯಿತು. 4 ಆಂಪಿಯರ್-ಅವರ್ ಬ್ಯಾಟರಿ ಎಂಟು ಒಂಬತ್ತು ದಿನಕ್ಕೆ ಮುಗಿಯಿತು. ಎಂಜಿನ್ ಆಫ್ ಮಾಡಿ ಕೀ ಆನ್ ಇಟ್ಟು ಮೊಬೈಲ್ ಚಾರ್ಜ್ ಮಾಡಿದರೆ ಒಂದೆರಡು ಗಂಟೆಯೇ ಸಾಕು.

‘ಹೆಡ್‌ಲೈಟ್ ಸದಾ ಉರಿಯುವುದರಿಂದ ಬ್ಯಾಟರಿ ಹಾಳು, ಸ್ವಿಚ್ ಹಾಕಿಸಿ’ ಎಂಬ ಸಲಹೆಯೂ ಇದೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಾಗ ಹೆಡ್‌ಲೈಟ್ ಉರಿಯಲೇಬೇಕೆಂಬ ನಿಯಮವಿದೆ, ಎದುರಿನವರಿಗೆ ನೀವು ಕಾಣಲೆಂದು. ಚಾರ್ಜಿಂಗ್ ವ್ಯವಸ್ಥೆಯನ್ನೂ ಆ ಹೊರೆಗೆ ತಕ್ಕಂತೆ ಮಾಡಿರುತ್ತಾರೆ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ತೆವಳುವಾಗ ಚಾರ್ಜ್ ಕಡಿಮೆಯಾಗುವುದು ನಿಜ, ಅದಕ್ಕೆ ವೈರ್ ಕತ್ತರಿಸುವುದು ಪರಿಹಾರವಲ್ಲ.

ತಿಂಗಳುಗಟ್ಟಲೆ ಗಾಡಿ ಬಿಟ್ಟು ಹೋಗುವುದಿದ್ದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಮೊದಲು ಪಾಸಿಟಿವ್. ಇದು ಶಾಸ್ತ್ರಕ್ಕಲ್ಲ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಾಗಿದರೆ, ನೆಗೆಟಿವ್ ಇನ್ನೂ ಇದ್ದಲ್ಲಿ ಶಾರ್ಟ್ ಆಗುತ್ತದೆ.

ಇಳಿದ ಬ್ಯಾಟರಿಗೆ ನಿಜವಾದ ಔಷಧ, ನಿಧಾನ ಚಾರ್ಜ್. ಪರಿಚಯದ ಬ್ಯಾಟರಿ ಅಂಗಡಿಯವರಿಗೆ ಕೊಟ್ಟು ‘ಸ್ಲೋ ಚಾರ್ಜ್ ಮಾಡಿ, ಆಮೇಲೆ ಲೋಡ್ ಟೆಸ್ಟ್ ಮಾಡಿ’ ಎನ್ನಿ. ಹತ್ತು ಗಂಟೆಯಾದರೂ ಬೇಕಾಗುತ್ತದೆ. ಅರ್ಧ ಗಂಟೆಯಲ್ಲಿ ಕೊಡುತ್ತೇನೆ ಎನ್ನುವವರಲ್ಲಿ ಅವಸರಕ್ಕಷ್ಟೇ ಕೆಲಸವಾಗುತ್ತದೆ. ಪೂರ್ತಿ ಚಾರ್ಜ್ ಆದ ಮೇಲೂ ಸೆಲ್ಫ್ ಒತ್ತಿದಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಬದಲಾಯಿಸುವ ಹೊತ್ತು ಬಂದಿದೆ.

ಎಲೆಕ್ಟ್ರಿಕ್ ಸ್ಕೂಟರ್ ಇದ್ದವರಿಗೂ ಒಂದು ಮಾತು. ಹಲವು ಮಾದರಿಗಳಲ್ಲಿ ದೊಡ್ಡ ಬ್ಯಾಟರಿಯ ಜೊತೆ 12 ವೋಲ್ಟಿನ ಚಿಕ್ಕದೊಂದೂ ಇರುತ್ತದೆ. ಅದು ಇಳಿದರೆ ದೊಡ್ಡದು ತುಂಬಿದ್ದರೂ ಡಿಸ್‌ಪ್ಲೇ ಹತ್ತುವುದಿಲ್ಲ. ಮೇಲಿನ ಯಾವ ವೈರಿಂಗ್ ಉಪಾಯವನ್ನೂ ಅಲ್ಲಿ ಮಾಡದೆ ಸರ್ವಿಸ್‌ನವರನ್ನೇ ಕರೆಯಿರಿ.

ಹಳೆಯ ಬ್ಯಾಟರಿ ಎಲ್ಲಿಗೆ?

ಹೊಸದು ಕೊಳ್ಳುವಾಗ ತಯಾರಿಕೆಯ ತಿಂಗಳು ನೋಡಿ. ಅಂಗಡಿಯ ಕಪಾಟಿನಲ್ಲಿ ವರ್ಷ ಕೂತದ್ದು ಬೇಡ. ಹಳೆಯದನ್ನು ಕಸದ ಗಾಡಿಗೋ ಮನೆಗೆ ಬರುವ ಗುಜರಿಯವರಿಗೋ ಕೊಡಬೇಡಿ. ಅದರಲ್ಲಿರುವ ಸೀಸವನ್ನು ಬಯಲಲ್ಲಿ ಒಡೆದು ಕರಗಿಸಿದರೆ ಹೊಗೆ, ಧೂಳು ಸುತ್ತಲಿನ ಮಣ್ಣಿಗೆ ಸೇರುತ್ತದೆ, ಅಲ್ಲಿ ಆಡುವ ಮಕ್ಕಳ ಮೈಗೆ ಹೋಗುತ್ತದೆ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಯನ್ನೇ ಕುಂಠಿಸುತ್ತದೆ, ಇಷ್ಟರವರೆಗೆ ಅಪಾಯವಿಲ್ಲ ಎಂಬ ಮಿತಿಯೇ ಅದಕ್ಕಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಹೊಸ ಬ್ಯಾಟರಿ ಕೊಳ್ಳುವಲ್ಲೇ ಹಳೆಯದನ್ನು ಕೊಡಿ. ಅದಕ್ಕೆ ಎಷ್ಟು ಕಳೆದರು ಎಂಬುದನ್ನು ಬಿಲ್‌ನಲ್ಲೇ ಬರೆಸಿಕೊಳ್ಳಿ, ವಾರಂಟಿ ಕಾರ್ಡಿಗೆ ದಿನಾಂಕದ ಸೀಲ್ ಹಾಕಿಸಿ, ಎರಡರದ್ದೂ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ.